ಬೇಹುಗಾರರ ಕಿವಿಗೆ ಬಿದ್ದ ತಿಮಿಂಗಿಲ

ಶೀತಲ ಸಮರದ ದಿನಗಳಲ್ಲಿ ಫ್ರಾಂಕ್ ವಾಟ್ಲಿಂಗ್ಟನ್ ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗಾಗಿ ಕಡಲಾಳದ ಸದ್ದು ಆಲಿಸುತ್ತಿದ್ದ ಎಂಜಿನಿಯರ್. ಪತ್ತೆಯಾಗಬೇಕಿದ್ದದ್ದು ಸೋವಿಯತ್ ಜಲಾಂತರ್ಗಾಮಿ. ನೀರಿಗಿಳಿಸಿದ ಮೈಕು, ಅಂದರೆ ಹೈಡ್ರೋಫೋನ್, ಹಿಡಿದು ತಂದದ್ದು ನರಳಿಕೆ, ಗುಟುರು, ಕೀರಲು ಎಲ್ಲ ಬೆರೆತ ದನಿ. ಹಂಪ್‌ಬ್ಯಾಕ್ ತಿಮಿಂಗಿಲಗಳ ದನಿ ಅದು. ಬೇಟೆಗಾರರಿಗೆ ಸುಳಿವು ಸಿಕ್ಕೀತೆಂದು ಆತ ಟೇಪುಗಳ ಸುದ್ದಿಯನ್ನೇ ಎತ್ತಲಿಲ್ಲ. ಕೊನೆಗೆ 1960ರ ದಶಕದಲ್ಲಿ ಅವು ಜೀವವಿಜ್ಞಾನಿ ರೋಜರ್ ಪೇನ್ ಕೈ ಸೇರಿದವು. ಒಂದೇ ಸ್ವರಸರಣಿ ಕ್ರಮ ತಪ್ಪದೆ ಮರುಕಳಿಸುತ್ತದೆ, ಆದ್ದರಿಂದ ಇದು ಹಾಡು ಎಂದು ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ಬರೆದರು. ಅದಕ್ಕೆ ಒಂದು ವರ್ಷ ಮೊದಲೇ ಹಾಡಿನ ಗ್ರಾಮಫೋನ್ ತಟ್ಟೆ ಹೊರಬಂದು ಮನೆಮನೆಗಳಲ್ಲಿ ಮೊಳಗಿತ್ತು.

ತಿಮಿಂಗಿಲಕ್ಕೆ ಕಣ್ಣಿಗಿಂತ ಕಿವಿಯೇ ಆಧಾರ. ಸಮುದ್ರದಲ್ಲಿ ಬೆಳಕು ಬೇಗ ಸೋಲುತ್ತದೆ. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಗಾಳಿಯಲ್ಲಿನದರ ನಾಲ್ಕು ಪಟ್ಟಿಗೂ ಹೆಚ್ಚಾಗಿ, ಓಡುತ್ತದೆ. ನೀಲಿ ತಿಮಿಂಗಿಲದ ಮಂದ್ರ ದನಿ ನೂರಾರು ಕಿಲೋಮೀಟರ್ ದಾಟಬಲ್ಲದು.

ಆದರೆ ಹಡಗಿನ ಗದ್ದಲವೂ ಅದೇ ಮಂದ್ರದಲ್ಲಿದೆ. ತಿರುಗುವ ಪ್ರೊಪೆಲರ್ ಸುತ್ತ ಹುಟ್ಟುವ ಗುಳ್ಳೆಗಳು ಒಡೆಯುವಾಗಿನ ಸದ್ದೇ ಅದರ ದೊಡ್ಡ ಪಾಲು. ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೋಲಸ್ ದ್ವೀಪದ ಬಳಿ 1960ರ ದಶಕದಲ್ಲಿ ನೌಕಾಪಡೆ ಮಾಡಿದ್ದ ಅಳತೆಯನ್ನು 2003–04ರ ಅಳತೆಯ ಪಕ್ಕ ಇಟ್ಟಾಗ ಈ ಮಂದ್ರ ಗದ್ದಲ 10ರಿಂದ 12 ಡೆಸಿಬೆಲ್ ಏರಿತ್ತು.

ಈ ಗದ್ದಲ ಪ್ರಾಣಿಯ ಮೈಗೆ ಏನು ಮಾಡುತ್ತದೆ? ಪ್ರಯೋಗ ಮಾಡೋಣವೆಂದರೆ ಜಗತ್ತಿನ ಹಡಗುಗಳನ್ನು ನಿಲ್ಲಿಸುವವರು ಯಾರು? 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಅವು ತಾವಾಗಿಯೇ ವಿರಳವಾದವು. ಆಗ ಅಲ್ಲಿ ಒಂದು ತಂಡ ಬೇರೆಯದೇ ಉದ್ದೇಶಕ್ಕೆ ರೈಟ್ ತಿಮಿಂಗಿಲಗಳ ದನಿ ಮುದ್ರಿಸುತ್ತಿತ್ತು. ರೊಸಲಿಂಡ್ ರೋಲಂಡ್ ಅವರ ತಂಡ ನೀರಿನ ಮೇಲೆ ತೇಲುವ ತಿಮಿಂಗಿಲದ ಲದ್ದಿ ಹೆಕ್ಕುತ್ತಿತ್ತು. (ವಾಸನೆ ಹಿಡಿದು ಜಾಗ ತೋರಿಸಲು ಮುಂದಿನ ವರ್ಷಗಳಲ್ಲಿ ದೋಣಿಯಲ್ಲಿ ನಾಯಿಯನ್ನೂ ಕೂರಿಸಿಕೊಂಡರು. ವಿಜ್ಞಾನ ಎಲ್ಲೆಲ್ಲಿ ಮೂಗು ತೂರಿಸುತ್ತದೋ!) ವರ್ಷಗಳಾದ ಮೇಲೆ ಎರಡೂ ದಾಖಲೆ ಜೋಡಿಸಿ ನೋಡಿದರು. ಗದ್ದಲ 6 ಡೆಸಿಬೆಲ್ ಇಳಿದಿತ್ತು, ಲದ್ದಿಯಲ್ಲಿ ಒತ್ತಡದ ಹಾರ್ಮೋನೂ ಇಳಿದಿತ್ತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಬಲ ಅದರ ಆಕಸ್ಮಿಕತೆಯಲ್ಲೇ ಇದೆ. ಯಾರೂ ಉತ್ತರವನ್ನು ಮೊದಲೇ ಊಹಿಸಿಕೊಂಡು ಹೊರಟಿರಲಿಲ್ಲ.

ನಮ್ಮ ಹಿಂದೂ ಮಹಾಸಾಗರದಲ್ಲೂ ಬೇಹಿನ ಕಿವಿಯೇ ನೆರವಾಯಿತು. ಕದ್ದುಮುಚ್ಚಿ ನಡೆಯುವ ಅಣುಸ್ಫೋಟ ಪತ್ತೆಗೆಂದು ಡಿಯೆಗೊ ಗಾರ್ಸಿಯಾ ದ್ವೀಪದ ಬಳಿ ಇಟ್ಟ ಹೈಡ್ರೋಫೋನುಗಳಲ್ಲಿ ಹೊಸದೊಂದು ಹಾಡು ವರ್ಷಗಟ್ಟಲೆ ದಾಖಲಾಗಿತ್ತು. ಅದು ಅಲ್ಲಿಯವರೆಗೆ ಗೊತ್ತಿಲ್ಲದಿದ್ದ ಪಿಗ್ಮಿ ನೀಲಿ ತಿಮಿಂಗಿಲಗಳ ಗುಂಪಿನದು ಎಂದು 2021ರಲ್ಲಿ ವಿಜ್ಞಾನಿಗಳು ವಾದಿಸಿದರು. ಅದೇ ವರ್ಷ ದಿವ್ಯಾ ಪಣಿಕ್ಕರ್ ಮತ್ತು ಕೇಟ್ ಸ್ಟಾಫರ್ಡ್ ಲಕ್ಷದ್ವೀಪದ ಕವರತ್ತಿ ಬಳಿ ಮುದ್ರಿಸಿದ ನೀಲಿ ತಿಮಿಂಗಿಲದ ಹಾಡುಗಳ ವರದಿ ಕೊಟ್ಟರು. ಕರಾವಳಿಯಲ್ಲಿ ನಾವು ಸೆಖೆಗೆ ಬೇಯುವ ಏಪ್ರಿಲ್–ಮೇ ತಿಂಗಳಲ್ಲಿ ಅಲ್ಲಿ ಹಾಡು ಹೆಚ್ಚು.

ಕೊಲ್ಲಿ ರಾಷ್ಟ್ರಗಳಿಂದ ಆಗ್ನೇಯ ಏಷ್ಯಾಕ್ಕೆ ಹೋಗುವ ಹಡಗುಗಳ ದಟ್ಟ ದಾರಿಯೊಂದು ಇದೇ ಲಕ್ಷದ್ವೀಪದ ಮಿನಿಕಾಯ್ ಪಕ್ಕದಲ್ಲೇ ಹಾದಿದೆ. ಹಡಗು ನಿಧಾನವಾದರೆ ಸದ್ದು ತಗ್ಗುತ್ತದೆ. ಕೆನಡಾದ ವ್ಯಾಂಕೂವರ್ ಕಡೆ 2017ರಿಂದ ಈ ಪ್ರಯತ್ನ ನಡೆದಿದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಹಡಗಿನ ಸದ್ದು ತಗ್ಗಿಸಲು 2014ರಲ್ಲಿ ಮಾರ್ಗಸೂಚಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿತು. ಪಾಲಿಸುವುದು ಮಾತ್ರ ಹಡಗಿನ ಮಾಲೀಕರ ಮರ್ಜಿಗೆ ಬಿಟ್ಟದ್ದು.