ಅನಿಮಿಷ ಮತ್ಸ್ಯ

ಸಂಸ್ಕೃತದ ‘ಅನಿಮಿಷ’ ಶಬ್ದಕ್ಕೆ ದೇವತೆಯೆಂದೂ ಮೀನೆಂದೂ ಎರಡರ್ಥಗಳುಂಟು. ಎರಡೂ ರೆಪ್ಪೆ ಬಡಿಯದವು. ಜಪಾನೀಯರೂ ತಮ್ಮ ಕರಾವಳಿಯ ಒಂದು ಮೀನಿಗೆ ಕಣ್ಣಿನಿಂದಲೇ ಹೆಸರಿಟ್ಟಿರುವರು. ಅದು ‘ಮೆಬಾರು’, ಎಂದರೆ ಕಣ್ಣರಳಿಸಿದ್ದು. ಹಗುರವಾದ ಗಾಳದಿಂದ ಅದನ್ನು ಹಿಡಿಯುವ ಬಗೆಯು ಆ ದೇಶದಲ್ಲಿ ಒಂದು ಕಲೆಯೇ ಆಗಿದೆ. ಅದರ ಕ್ರಮವನ್ನೂ ಅದರೊಳಗಿನ ಒಂದು ಧರ್ಮಸೂಕ್ಷ್ಮವನ್ನೂ ವಾಚಕರಿಗೆ ಅರಿಕೆಮಾಡುವೆವು.

ದಡದ ಬಂಡೆಗಳ ಸಂದು, ಕಡಲಪಾಚಿಯ ಪೊದೆ, ಬಂದರಿನ ಅಲೆತಡೆಯ ಕಲ್ಲುಗಳು ಮೆಬಾರುವಿನ ಮನೆ. ಇರುಳಾದೊಡನೆ ಅದು ನಡುನೀರಿಗೆ ಏರಿ, ಮುಖವನ್ನು ಮೇಲೆತ್ತಿ, ತೇಲಿಬರುವ ಸೀಗಡಿ, ಹುಳು, ಮರಿಮೀನುಗಳಿಗಾಗಿ ಕಾದಿರುವುದು. ಒಂದೇ ಜಾತಿಯೆಂದು ಬಹುಕಾಲ ತಿಳಿದಿದ್ದ ಇದರಲ್ಲಿ ಕೆಂಪು, ಕಪ್ಪು, ಬಿಳಿ ಎಂಬ ಮೂರು ಜಾತಿಗಳಿವೆಯೆಂದು ಜಪಾನಿನ ವಿದ್ವಾಂಸರು 2008ರಲ್ಲಿ ನಿರ್ಣಯಿಸಿದರು.

ಇದನ್ನು ಹಿಡಿಯಲು ಸುಮಾರು 7 ಅಡಿಯ, ತುದಿ ಬಳುಕುವ ಕೋಲು. 1 ಕಿಲೋಗ್ರಾಂ ಆಚೀಚೆಯ ಭಾರವನ್ನಷ್ಟೇ ತಾಳುವ ಎಳೆ. 1 ಗ್ರಾಂ ತೂಕದ ಸೀಸವನ್ನು ತಲೆಗೆ ಕಟ್ಟಿದ ಕೊಕ್ಕೆ. ಅದಕ್ಕೆ ಚುಚ್ಚಿದ ಎರಡಂಗುಲದ ಮೆತ್ತನೆಯ ಕೃತಕ ಹುಳು. ಇಷ್ಟೇ ಸಾಮಗ್ರಿ. ಅಲೆಗಳಡಗಿದ ರಾತ್ರಿಯೇ ಪ್ರಶಸ್ತ. ಬಂದರಿನ ದೀಪದ ಬೆಳಕು ಮುಗಿದು ಕತ್ತಲೆ ಮೊದಲಾಗುವ ಗೆರೆಯ ಆಚೆಗೆ ಗಾಳವನ್ನೆಸೆದು, ಒಂದೇ ಸಮನಾದ ನಿಧಾನಗತಿಯಿಂದ ಎಳೆದುಕೊಳ್ಳಬೇಕು. ಕುಣಿಸಬಾರದು, ಅವಸರಿಸಬಾರದು. ಕಚ್ಚಿದ ಮೀನು ತಟ್ಟನೆ ಬಂಡೆಯ ಕಡೆಗೆ ನುಗ್ಗುವುದು. ಎಳೆಯು ಕಲ್ಲಿಗೆ ಉಜ್ಜಿದರೆ ಕಡಿಯಿತು. ಆದುದರಿಂದ ಕೋಲನ್ನೆತ್ತಿ ಮೊದಲು ಅದನ್ನು ತಳದಿಂದ ಮೇಲಕ್ಕೆ ತರಬೇಕು. ಬೆನ್ನಿನ ಮುಳ್ಳುಗಳು ಚುಚ್ಚಿದರೆ ಬಹಳ ನೋಯುವುದರಿಂದ ಹಿಡಿಯುವಾಗ ಎಚ್ಚರಿಕೆ ಬೇಕು.

ಇನ್ನು ಧರ್ಮಸೂಕ್ಷ್ಮ. ಮೆಬಾರು ತತ್ತಿಯನ್ನು ನೀರಿನಲ್ಲಿ ಚೆಲ್ಲುವ ಮೀನಲ್ಲ. ಒಡಲೊಳಗೇ ಮರಿಮಾಡಿ, ಚಳಿಗಾಲದಲ್ಲಿ ಜೀವಂತ ಮರಿಗಳನ್ನು ಹೆರುವುದು. ಬೆಳವಣಿಗೆಯೂ ನಿಧಾನ, ಒಂದು ಗೇಣಿನಷ್ಟಾಗಲು 5 ವರ್ಷಗಳೇ ಬೇಕಾದಾವು. ಗಾಳಗಾರರು ದಡಕ್ಕೆ ಬರುವುದೂ ಆ ಚಳಿಯ ದಿನಗಳಲ್ಲಿಯೇ. ಒಡಲುಬ್ಬಿದ ಒಂದು ತಾಯಿಯನ್ನು ಬುಟ್ಟಿಗೆ ಹಾಕಿದವನು ಸಾವಿರಾರು ಮರಿಗಳನ್ನೂ ಹಾಕಿದಂತಾಯಿತು.

ನಾಲಗೆಯ ನ್ಯಾಯವೂ ಇಲ್ಲಿ ಧರ್ಮದ ಪಕ್ಷವನ್ನೇ ಹಿಡಿದಿದೆ. ಹೆತ್ತು ಬಡವಾದ ಮೀನು ಮತ್ತೆ ಮೈತುಂಬಿಕೊಳ್ಳುವುದು ವಸಂತದಲ್ಲಿ, ಕಳಲೆ ಮೂಡುವ ಹೊತ್ತಿಗೆ. ಆ ಕಾಲದ ಮೆಬಾರುವೇ ರುಚಿಗೆ ಮೇಲೆಂದು ಜಪಾನಿನ ಗೃಹಿಣಿಯರು ಅದನ್ನು ಸೋಯಾ ರಸದಲ್ಲಿ ಸಕ್ಕರೆ ಬೆರೆಸಿ ಬೇಯಿಸುವರು. ವಸಂತವನ್ನು ಸಾರುವ ಮೀನೆಂಬ ಬಿರುದೂ ಅದಕ್ಕುಂಟು.

ಬಲೆಗೆ ಆಯ್ಕೆಯಿಲ್ಲ, ಗಾಳಕ್ಕುಂಟು. ಒಂದೊಂದೇ ಮೀನು ಕೈಗೆ ಬರುವುದರಿಂದ ಉಳಿಸುವುದೋ ಕೊಲ್ಲುವುದೋ ಎಂಬ ವಿವೇಚನೆಗೆ ಅವಕಾಶವಿದೆ. ಗರ್ಭಿಣಿಯನ್ನು ಗುರುತಿಸಿ, ಕೈಯನ್ನು ತೋಯಿಸಿಕೊಂಡು ಕೊಕ್ಕೆ ಬಿಡಿಸಿ, ನೀರಿಗೆ ಮರಳಿಸುವವನೇ ಈ ಕಲೆಯನ್ನು ಪೂರ್ಣವಾಗಿ ಬಲ್ಲವನೆಂದು ನಾವು ಎಣಿಸುವೆವು.