ಜೈಲಿನ ಮೊದಲ ದಿನಗಳು: ಮಗನ ಮನಸ್ಸು, ಮನೆಯವರ ಮಾತು

ಮಗ ಜೈಲು ಸೇರಿದರೆ ಮನೆಯವರು ವಕೀಲರನ್ನು ಹುಡುಕುತ್ತಾರೆ, ಜಾಮೀನಿಗಾಗಿ ಅಲೆಯುತ್ತಾರೆ, ನೆರೆಯವರ ಮುಂದೆ ತಲೆ ತಗ್ಗಿಸುತ್ತಾರೆ. ಒಳಗಿರುವ ಹುಡುಗನ ಆರೋಗ್ಯದ ಬಗ್ಗೆ ಯೋಚಿಸಲು ಯಾರಿಗೂ ಬಿಡುವಿರುವುದಿಲ್ಲ. ಆದರೆ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದು ಬಂಧನದ ಮೊದಲ ದಿನಗಳಲ್ಲೇ. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. 2022ರ ಸರಕಾರಿ ಅಂಕಿಅಂಶದಂತೆ ದೇಶದ ಪ್ರತಿ ನಾಲ್ವರು ಕೈದಿಗಳಲ್ಲಿ ಮೂವರು ಇನ್ನೂ ವಿಚಾರಣಾಧೀನರು.

ಯುನಾನಿ ವೈದ್ಯಪದ್ಧತಿ ಆರೋಗ್ಯಕ್ಕೆ ಆರು ಆಧಾರಗಳನ್ನು ಹೇಳುತ್ತದೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆ. ಇವನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ. ಜೈಲಿನಲ್ಲಿ ಈ ಆರೂ ಒಂದೇ ರಾತ್ರಿಯಲ್ಲಿ ಏರುಪೇರಾಗುತ್ತವೆ. ಹಾಗಾಗಿ ಹೆದರಿದ ಹುಡುಗ ‘ಭಯವಾಗುತ್ತಿದೆ’ ಎನ್ನುವುದಿಲ್ಲ. ನಿದ್ದೆ ಬರುತ್ತಿಲ್ಲ, ಹೊಟ್ಟೆ ಕಟ್ಟಿದೆ, ತಲೆ ಸಿಡಿಯುತ್ತಿದೆ ಎನ್ನುತ್ತಾನೆ. ಕೆಲವರು ಸಣ್ಣ ಮಾತಿಗೂ ಕೈ ಎತ್ತುತ್ತಾರೆ. ಕೆಲವರು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ. ಮುಲಾಖಾತಿನಲ್ಲಿ ಉಮ್ಮನೆದುರು ನಗುವವನು ಚೆನ್ನಾಗಿಯೇ ಇದ್ದಾನೆ ಎಂದು ನಂಬಬೇಡಿ.

ಮದ್ಯ, ಗಾಂಜಾ, ಮಾತ್ರೆಗಳ ಚಟವಿದ್ದರೆ ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಮದ್ಯ ಹಠಾತ್ತನೆ ನಿಂತಾಗ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮೂರ್ಛೆರೋಗದ ಅಥವಾ ಮಾನಸಿಕ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ಆ ಚೀಟಿ ಮೊದಲ ದಿನವೇ ಜೈಲಿನ ವೈದ್ಯರ ಕೈ ಸೇರಬೇಕು. ಖಮೀರಾ, ಮಾಜೂನ್ ಕಳುಹಿಸಬಹುದೇ ಎಂದು ನನ್ನನ್ನು ಕೇಳುವವರಿದ್ದಾರೆ. ಈ ಹೊತ್ತಿಗೆ ಅದಲ್ಲ ಮದ್ದು.

ಹೊಸ ಕೈದಿಯನ್ನು ಹೆಚ್ಚು ಹಿಂಡುವುದು ಮುಂದೇನು ಎಂದು ತಿಳಿಯದಿರುವುದು. ಮುಂದಿನ ವಿಚಾರಣೆಯ ದಿನಾಂಕ, ವಕೀಲರು ಹೇಳಿದ್ದು, ನೀವು ಮತ್ತೆ ಬರುವ ದಿನ, ಇಷ್ಟನ್ನು ಸ್ಪಷ್ಟವಾಗಿ ಹೇಳಿ. ‘ನಾಳೆಯೇ ಬಿಡಿಸುತ್ತೇವೆ’ ಎಂಬ ಸುಳ್ಳು ಬೇಡ. ವಕೀಲರಿಗೆ ಹಣವಿಲ್ಲದಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಬಂಧನದಲ್ಲಿರುವವರಿಗೆ ಉಚಿತ ನೆರವಿದೆ. ಸಾಲದ, ಊರವರ ಮಾತಿನ ಸುದ್ದಿಯನ್ನು ಜಾಲರಿಯಾಚೆ ಸುರಿಯಬೇಡಿ. ಅವನು ರಾತ್ರಿಯಿಡೀ ಅದನ್ನೇ ಮೆಲುಕು ಹಾಕುತ್ತಾನೆ.

ಐದು ಹೊತ್ತಿನ ನಮಾಝ್ ಆಕಾರವಿಲ್ಲದ ದಿನಕ್ಕೆ ಆಕಾರ ಕೊಡುತ್ತದೆ, ಮೈಯನ್ನೂ ಅಲುಗಾಡಿಸುತ್ತದೆ. ಪ್ರವಾದಿ ಯೂಸುಫ್(ಅ) ಸೆರೆಮನೆಯಲ್ಲಿ ಸಹಕೈದಿಗಳ ಕನಸುಗಳನ್ನು ಕೇಳಿ ಅರ್ಥ ಹೇಳಿದವರು. ಒಂಟಿಯಾಗಿ ಕೂರದೆ ಒಳ್ಳೆಯವರೊಬ್ಬರ ಜೊತೆ ಮಾತಾಡು ಎನ್ನಲು ಇದಕ್ಕಿಂತ ಉದಾಹರಣೆ ಬೇಕೆ? ಆದರೆ ಅಳುವ ಹುಡುಗನಿಗೆ ‘ನಿನ್ನ ಈಮಾನ್ ಕಡಿಮೆ’ ಎನ್ನುವುದು ಕ್ರೌರ್ಯ.

‘ಬದುಕುವುದೇ ಬೇಡ ಎನಿಸುತ್ತದೆಯೇ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅಂದೇ ಜೈಲು ಅಧೀಕ್ಷಕರಿಗೆ ಬರೆದುಕೊಟ್ಟು, ಮನೋವೈದ್ಯರಿಗೆ ತೋರಿಸಲು ಒತ್ತಾಯಿಸಿ. ಮನೆಯಲ್ಲಿ ಊಟ ಬಿಟ್ಟು ಕುಳಿತ ತಾಯಿಗಾಗಿ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.