ಇಂಡಿಯಾ ಪೇಲ್ ಏಲ್‌ನ ರುಚಿ ಪರೀಕ್ಷೆ

ಇಂಡಿಯಾ ಪೇಲ್ ಏಲ್ (ಐಪಿಎ) ಎಂಬುದು ಹಾಪ್ಸ್ ಹೂವಿನ ಕಹಿ ಹಾಗೂ ಪರಿಮಳ ಪ್ರಧಾನವಾಗಿರುವ ಒಂದು ಬಗೆಯ ಬಿಯರ್. ಅದನ್ನು ಮೂಸಿ, ನೋಡಿ, ಸವಿದು ಗುಣದೋಷಗಳನ್ನು ಕ್ರಮವಾಗಿ ಗುರುತಿಸುವ ವಿಧಾನಕ್ಕೆ ರುಚಿ ಪರೀಕ್ಷೆ ಎನ್ನಲಾಗುತ್ತದೆ. ಕಹಿಗೂ ಮಾಲ್ಟ್‌ನ ಸಿಹಿಗೂ ಇರುವ ಸಮತೋಲನ ಮತ್ತು ಹಾಪ್ಸ್ ಕಂಪಿನ ತಾಜಾತನ ಇದರಲ್ಲಿ ಮುಖ್ಯವಾಗುತ್ತವೆ.

ಹಿನ್ನೆಲೆ

ಹೆಸರಿನಲ್ಲಿ ‘ಇಂಡಿಯಾ’ ಇದ್ದರೂ ಈ ಬಿಯರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಭಾರತದಲ್ಲಿ ನೆಲೆಸಿದ್ದ ಬ್ರಿಟಿಷರಿಗಾಗಿ ಇದನ್ನು ಹಡಗುಗಳಲ್ಲಿ ಕಳುಹಿಸಲಾಗುತ್ತಿತ್ತು. 18ನೆಯ ಶತಮಾನದ ಕೊನೆಯ ವೇಳೆಗೆ ಲಂಡನ್ನಿನ ಬೋ ಪ್ರದೇಶದ ಜಾರ್ಜ್ ಹಾಡ್ಜ್‌ಸನ್ ಈ ವ್ಯಾಪಾರದಲ್ಲಿ ಹೆಸರಾಗಿದ್ದನು. ಆತನೇ ಈ ಬಿಯರನ್ನು ಕಂಡುಹಿಡಿದನೆಂಬ ಕಥೆ ಪ್ರಚಲಿತವಾಗಿದ್ದರೂ ಪೇಲ್ ಏಲ್ ಅದಕ್ಕೆ ಮೊದಲೇ ಬಳಕೆಯಲ್ಲಿತ್ತು. 1820ರ ದಶಕದಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಪಟ್ಟಣದ ಆಲ್ಸಪ್ ಮತ್ತು ಬ್ಯಾಸ್ ಸಂಸ್ಥೆಗಳು ಪೈಪೋಟಿಗಿಳಿದವು. ಆ ಊರಿನ ನೀರಿನಲ್ಲಿ ಹೇರಳವಾಗಿದ್ದ ಜಿಪ್ಸಮ್ ಹಾಪ್ಸ್‌ನ ಕಹಿಯನ್ನು ಎದ್ದುಕಾಣುವಂತೆ ಮಾಡುತ್ತಿತ್ತು. ಹಾಪ್ಸ್‌ಗೆ ಬಿಯರ್ ಕೆಡದಂತೆ ಕಾಪಾಡುವ ಗುಣವಿರುವುದರಿಂದ, ತಿಂಗಳುಗಟ್ಟಲೆಯ ಸಮುದ್ರಯಾನಕ್ಕೆ ಅದನ್ನು ಹೆಚ್ಚಾಗಿ ಸೇರಿಸುತ್ತಿದ್ದರು.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸಣ್ಣ ತಯಾರಕರು ಈ ಶೈಲಿಗೆ ಮರುಜೀವ ನೀಡಿದರು. 1972ರಲ್ಲಿ ಅಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯು ಚಕ್ಕೋತದಂತಹ ಕಂಪಿನಿಂದ ಹೊಸ ಶೈಲಿಯ ಗುರುತಾಯಿತು.

ಪರೀಕ್ಷೆಯ ಕ್ರಮ

ಜಿಡ್ಡು ನೊರೆಯನ್ನು ಕೆಡಿಸುವುದರಿಂದ ಗಾಜಿನ ಲೋಟ ಶುಚಿಯಾಗಿರಬೇಕು. ಬಿಯರ್ ತೀರ ತಣ್ಣಗಿದ್ದರೆ ಕಂಪು ಹೊರಹೊಮ್ಮುವುದಿಲ್ಲ. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಮ್ (ಬಿಜೆಸಿಪಿ) ರೂಪಿಸಿದ ಪಟ್ಟಿಯಲ್ಲಿ ಒಟ್ಟು 50 ಅಂಕಗಳಿವೆ:

• ಪರಿಮಳ – 12
• ನೋಟ – 3
• ರುಚಿ – 20
• ಬಾಯಲ್ಲಿನ ಅನುಭವ – 5
• ಒಟ್ಟಾರೆ ಅಭಿಪ್ರಾಯ – 10

ಕಂಪು ಬೇಗ ಆರಿಹೋಗುವುದರಿಂದ ಲೋಟಕ್ಕೆ ಸುರಿದೊಡನೆ ಮೊದಲು ಮೂಸುತ್ತಾರೆ. ಬಳಿಕ ಬಣ್ಣ, ತಿಳಿತನ ಹಾಗೂ ನೊರೆಯ ಬಾಳಿಕೆಯನ್ನು ಗಮನಿಸುತ್ತಾರೆ. ವೈನ್ ಪರೀಕ್ಷಕರು ಸಾಮಾನ್ಯವಾಗಿ ವೈನನ್ನು ಉಗುಳಿಬಿಟ್ಟರೆ, ಬಿಯರ್ ಪರೀಕ್ಷಕರು ಸಣ್ಣ ಗುಟುಕನ್ನು ನುಂಗುತ್ತಾರೆ. ಕಹಿ ಎಷ್ಟು ಹೊತ್ತು ಉಳಿಯುತ್ತದೆ, ಅದು ಹಿತವೋ ಒರಟೋ ಎಂಬುದು ನುಂಗಿದ ಮೇಲೆಯೇ ಸರಿಯಾಗಿ ತಿಳಿಯುತ್ತದೆ.

ಕಹಿಯ ಅಳತೆ

ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲಗಳು ಕುದಿಯುವಾಗ ರೂಪಾಂತರಗೊಂಡು ಕಹಿಯನ್ನು ಕೊಡುತ್ತವೆ. ಕುದಿಯ ಕೊನೆಯಲ್ಲಿ ಅಥವಾ ಅದರ ನಂತರ ಸೇರಿಸಿದ ಹಾಪ್ಸ್‌ನಿಂದ ಮುಖ್ಯವಾಗಿ ಕಂಪು ಬರುತ್ತದೆ. ಕಹಿಯನ್ನು ಐಬಿಯು ಎಂಬ ಮಾನದಿಂದ ಅಳೆಯುತ್ತಾರೆ. ಬಿಜೆಸಿಪಿ ಪ್ರಕಾರ ಅಮೆರಿಕನ್ ಐಪಿಎಯಲ್ಲಿ ಇದು 40ರಿಂದ 70ರಷ್ಟಿದ್ದು, ಮದ್ಯಸಾರ ಶೇ. 5.5ರಿಂದ 7.5ರಷ್ಟಿರುತ್ತದೆ. ಆದರೆ ಈ ಸಂಖ್ಯೆಯೊಂದೇ ಗುಣಮಟ್ಟವನ್ನು ಹೇಳಲಾರದು. ಒಂದೇ ಐಬಿಯು ಇರುವ ಎರಡು ಬಿಯರ್‌ಗಳಲ್ಲಿ ಮಾಲ್ಟ್‌ನ ಸಿಹಿ ಹೆಚ್ಚಾಗಿರುವುದು ಕಡಿಮೆ ಕಹಿಯಾಗಿ ತೋರುತ್ತದೆ.

ಸಾಮಾನ್ಯ ದೋಷಗಳು

ಬೆಣ್ಣೆಯ ವಾಸನೆಗೆ ಡೈಅಸಿಟೈಲ್, ಹಸಿರು ಸೇಬಿನ ವಾಸನೆಗೆ ಅಸಿಟಾಲ್ಡಿಹೈಡ್, ಬೇಯಿಸಿದ ಮುಸುಕಿನ ಜೋಳದ ವಾಸನೆಗೆ ಡೈಮಿಥೈಲ್ ಸಲ್ಫೈಡ್ ಕಾರಣ. ಒದ್ದೆ ರಟ್ಟಿನ ವಾಸನೆ ಆಮ್ಲಜನಕದ ಸಂಪರ್ಕದಿಂದ ಬಿಯರ್ ಹಳಸಿರುವುದನ್ನು ಸೂಚಿಸುತ್ತದೆ. ಬೆಳಕು ತಗುಲಿದರೆ ಹಾಪ್ಸ್‌ನ ಕಹಿ ಅಂಶಗಳು ಒಡೆದು ದುರ್ವಾಸನೆಯುಂಟಾಗುತ್ತದೆ. ಬಣ್ಣವಿಲ್ಲದ ಹಾಗೂ ಹಸಿರು ಬಾಟಲಿಗಳಿಗಿಂತ ಕಂದು ಬಾಟಲಿ ಇದನ್ನು ಚೆನ್ನಾಗಿ ತಡೆಯುತ್ತದೆ.

ತೀರ್ಪು

ಪರೀಕ್ಷಕರು ತಮ್ಮ ಇಷ್ಟಾನಿಷ್ಟಗಳನ್ನು ಬದಿಗಿಟ್ಟು, ಬಿಯರ್ ತನ್ನ ಶೈಲಿಗೆ ತಕ್ಕಂತಿದೆಯೇ ಎಂದು ನೋಡಬೇಕಾಗುತ್ತದೆ. ದಟ್ಟವಾದ ಮಸುಕು ಅಮೆರಿಕನ್ ಐಪಿಎಯಲ್ಲಿ ಕೊರತೆಯೆನಿಸಿದರೆ, ಹೇಜಿ ಐಪಿಎ ಎಂಬ ಪ್ರಭೇದದಲ್ಲಿ ಅದೇ ಸಹಜ ಲಕ್ಷಣ. ಇಂಗ್ಲಿಷ್ ಐಪಿಎಯಲ್ಲಿ ಮಾಲ್ಟ್‌ನ ಬಿಸ್ಕತ್ತಿನಂತಹ ರುಚಿಗೂ ಸ್ಥಾನವಿದೆ.

ಒಂದು ಕಾಲದಲ್ಲಿ ದೀರ್ಘ ಪ್ರಯಾಣವನ್ನು ತಾಳಿಕೊಳ್ಳುವುದೇ ಈ ಬಿಯರಿನ ಹೆಗ್ಗಳಿಕೆಯಾಗಿತ್ತು. ಇಂದಿನ ಐಪಿಎಯಲ್ಲಿ ಬಯಸುವ ಕಂಪು ಮಾತ್ರ ಕಾಲ ಕಳೆದಂತೆ ಬೇಗ ಕುಂದುತ್ತದೆ. ಆದುದರಿಂದ ತಯಾರಿಕೆಯ ದಿನಾಂಕವನ್ನು ಗಮನಿಸದೆ ತಯಾರಕರ ಕೌಶಲದ ಬಗ್ಗೆ ಕೊಟ್ಟ ತೀರ್ಪು ನ್ಯಾಯವಾಗಲಾರದು.